ಏನೂ ಮಾಡದ ಹತ್ತು ನಿಮಿಷ

ನಮ್ಮ ಶಾಲೆಯಲ್ಲಿ ಪ್ರಾಣಿದಯೆಯ ಪಾಠ ಹೇಳುತ್ತಿದ್ದ ಹಿರಿಯ ಟೀಚರಿಗೆ, ನಮ್ಮೆಲ್ಲರ ಬಾಯಿಗೆ, ನಾಯಿ ಕಂಡರೆ ಜೀವ ಹೋಗುತ್ತಿತ್ತು. ಸ್ಟೇಷನ್ನಿನಿಂದ ಶಾಲೆಗೆ ನಡೆಯುವಾಗ ನಾಯಿ ಎದುರಾದರೆ ನನ್ನ ಮೊಣಕೈ ಹಿಡಿದು ನನ್ನನ್ನು ನಾಯಿಯ ಕಡೆಗೂ ತಮ್ಮನ್ನು ಗೋಡೆಯ ಕಡೆಗೂ ಮಾಡಿಕೊಳ್ಳುತ್ತಿದ್ದರು. ಭುಜ ಗೋಡೆಗೆ ಒರೆಸುತ್ತ, ಉಸಿರು ಹಿಡಿದು ದಾಟಿ, ಆಮೇಲೆ ಸೆರಗಿನ ಸುಣ್ಣ ಝಾಡಿಸಿಕೊಳ್ಳುತ್ತಿದ್ದರು.

"ಹಿಂಗ ಅಂಜಿದ್ರ ಹೆಂಗ್ರಿ ಬಾಯಿ? ಶನಿವಾರ ನೀವೇ ದಯಾ ಪಾಠ ಮಾಡೋರು" ಎಂದು ನಾನು ನಗುತ್ತಿದ್ದೆ.

"ಅದಕ್ಕೇ ಮಾಡುವುದು ಮಾರಾಯ್ತಿ. ಪ್ರೀತಿ ಇದ್ದವರಿಗೆ ಪಾಠ ಎಂತಕ್ಕೆ? ನನ್ನಂಥವರಿಗೇ ಬೇಕಾದ್ದು ಅದು."

ನಮ್ಮದು ಠಾಣೆಯ ಒಂದು ಪಾಲಿಕೆ ಶಾಲೆ, ಕನ್ನಡ ಮಾಧ್ಯಮ. ಬೆಳಿಗ್ಗೆ ಅದೇ ಕಟ್ಟಡದಲ್ಲಿ ಮರಾಠಿ ಮಾಧ್ಯಮ, ಮಧ್ಯಾಹ್ನ ನಾವು. ಮರಾಠಿ ಶಾಲೆಗಳ ರೂಢಿಯಂತೆ ನಮ್ಮಲ್ಲೂ ಪಾಠ ಹೇಳುವ ಗಂಡಸರು ಗುರುಜಿ, ಹೆಂಗಸರು ಬಾಯಿ. ಅವರು ಹಿರಿಯ ಬಾಯಿ, ನಾನು ಸಣ್ಣ ಬಾಯಿ. ಮಕ್ಕಳೆಲ್ಲ ರಾಯಚೂರು, ಗುಲ್ಬರ್ಗಾ, ವಿಜಾಪುರದ ಕಡೆಯಿಂದ ಬಂದ ಗೌಂಡಿಗಳ, ಹಮಾಲರ ಮಕ್ಕಳು. ನಡುವೆ ನಾಲ್ಕಾರು ಮಂದಿ ಕರಾವಳಿಯ ಹೋಟೆಲಿನವರ ಮಕ್ಕಳು. ನಾನೂ ಆ ಗೌಂಡಿ, ಹಮಾಲರ ಪೈಕಿಯ ಮಗುವೇ. ನನ್ನ ಅಪ್ಪ ನವಿ ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವನು. ತಾನು ಇಟ್ಟಿಗೆ ಹೊತ್ತ ಒಂದು ಮನೆಯ ಒಳಗೂ ಕಾಲಿಟ್ಟವನಲ್ಲ. ನಾನು ಪಾಲಿಕೆ ಶಾಲೆಯಲ್ಲಿ ಕಲಿತು, ಡಿ.ಎಡ್. ಮುಗಿಸಿ, ಅವರಿವರ ಮಕ್ಕಳಿಗೆ ಟ್ಯೂಷನ್ ಹೇಳುತ್ತಲೇ ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎಲ್ಲ ಸೇರಿ ಮೊದಲನೆಯ ಪದವಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗಲೂ ಹೆಸರಿನ ಮುಂದೆ ಬಿ.ಎ. ಎಂದು ಬರೆಯುತ್ತಿದ್ದೆ. ಬಾಯಿ ಅದನ್ನು ನೋಡಿ, "ಇದು ಹಾಜರಿ ಪುಸ್ತಕ ಮಾರಾಯ್ತಿ, ಮದುವೆ ಕಾಗದ ಅಲ್ಲ" ಎಂದರು. ನಾನು ಬರೆಯುವುದನ್ನು ಬಿಡಲಿಲ್ಲ. ಅವರೂ ಮತ್ತೆ ಹೇಳಲಿಲ್ಲ.

ನಾನು ಕಲ್ಯಾಣದಲ್ಲಿ ಲೋಕಲ್ ಹತ್ತುತ್ತಿದ್ದೆ, ಅವರು ಡೊಂಬಿವಲಿಯಲ್ಲಿ. ಹೆಂಗಸರ ಡಬ್ಬಿಯಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ತುದಿಯಲ್ಲಿ ಕೂರುವುದು ವಾಡಿಕೆ. ಅದಕ್ಕೆ ಚೌಥೀ ಸೀಟು ಎಂದೇ ಹೆಸರು. ಅರ್ಧ ಮೈ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಬಾಯಿಗೆ ಕಿಟಕಿ ಸಿಕ್ಕಿದ ದಿನ ನನ್ನ ನೆನಪಿನಲ್ಲಿಲ್ಲ. ಎಲ್ಲಿ ಕೂತರೂ ಯಾರಾದರೂ ಎದುರಿಗೆ ಬಂದು ನಿಂತ ಕೂಡಲೇ, ಕೇಳುವ ಮುಂಚೆಯೇ, ಚೂರು ಸರಿಯುತ್ತಿದ್ದರು. ಮುಖ ನೋಡಿ ನಗುವುದಿಲ್ಲ, ಬನ್ನಿ ಎನ್ನುವುದಿಲ್ಲ, ಬರೀ ಸರಿಯುವುದು. ಹಾಗೇ ಕಣ್ಣುಮುಚ್ಚಿ ತೂಕಡಿಸುವುದು. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಬರುವುದು ಆ ದಣಿದ ಮುಖ. ಆ ಕಾಲದಲ್ಲಿ ಪಾಲಿಕೆ ಶಾಲೆಯ ಮಾಸ್ತರಿಕೆ ಎಂದರೆ ಪಾಠ ಕಡಿಮೆ, ಉಳಿದದ್ದು ಹೆಚ್ಚು. ಜನಗಣತಿ, ಮತದಾರರ ಪಟ್ಟಿ, ಪೋಲಿಯೋ ಹನಿ, ತಿಂಗಳಿಗೊಮ್ಮೆ ಮಕ್ಕಳಿಗೆ ಅಕ್ಕಿ ಅಳೆದು ಕೊಡುವುದು. ಮನೆಗೆ ಹೋದರೆ ಬಾಯಿಗೆ ಹಾಸಿಗೆ ಹಿಡಿದ ಅತ್ತೆ, ಹೋಟೆಲಿನಲ್ಲಿ ಕ್ಯಾಷ್ ನೋಡುವ ಗಂಡ, ಓದದ ಮಗ.

ಪ್ರಾಣಿದಯೆ ಅವರ ಕೊರಳಿಗೆ ಬಿದ್ದದ್ದೂ ಹೀಗೆಯೇ. ಪ್ರತಿ ಶನಿವಾರ ಕೊನೆಯ ತಾಸು ಮಕ್ಕಳಿಗೆ ಪ್ರಾಣಿಗಳ ಬಗ್ಗೆ ದಯೆ ಕಲಿಸಬೇಕು, ಕಲಿಸಿದ್ದನ್ನು ದಫ್ತರದಲ್ಲಿ ಬರೆದಿಡಬೇಕು ಎಂದು ಮರಾಠಿಯಲ್ಲಿ ಒಂದು ಸುತ್ತೋಲೆ ಬಂತು. ಹೆಡ್ ಗುರುಜಿ ಅದನ್ನು ಹಿಡಿದು ಸ್ಟಾಫ್ ರೂಮಿಗೆ ಬಂದಾಗ ಎಲ್ಲರಿಗೂ ಏನೇನೋ ಕೆಲಸ ನೆನಪಾಯಿತು. ಬಾಯಿ ಚಹಾ ಕುಡಿಯುತ್ತಿದ್ದರು, ಏಳಲು ತಡವಾಯಿತು. ಅಷ್ಟೇ.

ಅವರ ಪಾಠವೆಂದರೆ ಇಷ್ಟು. ಮೆಟ್ಟಿಲ ಬುಡದಲ್ಲಿ, ನೀರಿನ ಟಾಕಿಯ ನೆರಳಿಗೆ, ಒಂದು ಕಂದು ಹೆಣ್ಣುನಾಯಿ ಮಲಗುತ್ತಿತ್ತು. ಮೂರು ಮತ್ತು ನಾಲ್ಕನೆಯ ಇಯತ್ತೆಯ, ಎಂದರೆ ತರಗತಿಯ, ಮಕ್ಕಳನ್ನು ಮೊದಲ ಮಾಳಿಗೆಯ ಕಠಡೆಯ ಕಂಬಿಗೆ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಅದನ್ನು ನೋಡಲು ಹೇಳುತ್ತಿದ್ದರು. ಕೂಗುವಂತಿಲ್ಲ, ಸೀಟಿ ಹೊಡೆಯುವಂತಿಲ್ಲ, ರೊಟ್ಟಿ ಎಸೆಯುವಂತಿಲ್ಲ.

"ಬಾಯಿ, ಅದು ಬರೀ ಮಲಗ್ಯಾದ."

"ಮಲಗಲಿ. ನೀನು ಮಲಗಿದಾಗ ಯಾರಾದರೂ ಬಂದು ಬೆನ್ನ ಮೇಲೆ ಕೈ ಆಡಿಸಿದರೆ ನಿಂಗೆ ಹೇಗಾಗ್ತದೆ?"

"ಗುದ್ದತೀನ್ರಿ!"

"ಹಾಂ. ಹಾಗಾದರೆ ಅದಕ್ಕೂ ಬಿಡು."

ದಫ್ತರದಲ್ಲಿ ವಾರ ವಾರವೂ ಒಂದೇ ಸಾಲು: 'ಮಕ್ಕಳು ಹತ್ತು ನಿಮಿಷ ನಾಯಿಯನ್ನು ನೋಡಿದರು. ಏನೂ ಮಾಡಲಿಲ್ಲ.'

ನನಗೆ ನಾಚಿಕೆಯಾಯಿತು. ನಾನು ಹೊಸಬಳು, ಎರಡು ವರ್ಷದ ಪ್ರೊಬೇಷನ್, ಪರೀಕ್ಷೆಯ ಅವಧಿ, ಇನ್ನೂ ಮುಗಿದಿರಲಿಲ್ಲ. ಪಾಲಿಕೆಯ ಶಿಕ್ಷಣ ವಿಭಾಗದ ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬಂದು ಈ ಸಾಲು ಓದಿದರೆ ನಮ್ಮೆಲ್ಲರ ಮರ್ಯಾದೆ ಏನು? ಡಿ.ಎಡ್.ನಲ್ಲಿ ಕಲಿತದ್ದೆಲ್ಲ ತಲೆಯಲ್ಲಿ ಕುಣಿಯುತ್ತಿತ್ತು. ಒಂದು ದಿನ ಲೋಕಲಿನಲ್ಲಿ ಹೇಳಿಯೇ ಬಿಟ್ಟೆ.

"ಬಾಯಿ, ಒಂದು ಚಾರ್ಟ್ ಮಾಡೋಣ್ರಿ. ಯಾರು ಯಾವ ಪ್ರಾಣಿಗಿ ಏನ್ ಉಪಕಾರ ಮಾಡಿದ್ರು ಅಂತ ಮಕ್ಕಳೇ ಎದ್ದು ಹೇಳಬೇಕ್ರಿ. ಒಂದು ಉಪಕಾರಕ್ಕ ಒಂದು ಬಂಗಾರದ ಚಿಕ್ಕಿ ಅಂಟಸ್ತೀನಿ, ಕಾಗದದ ಸ್ಟಾರ್ ಬರ್ತಾವಲ್ರಿ, ಅವು. ನೀವು ಏನೂ ಮಾಡಬ್ಯಾಡ್ರಿ, ಎಲ್ಲಾ ನಾನೇ ನೋಡ್ಕೋತೀನಿ."

ಅವರು ಕಣ್ಣು ತೆರೆಯದೆ ಹೇಳಿದರು: "ಚಿಕ್ಕಿ ಕೊಟ್ಟರೆ ಮಕ್ಕಳು ಚಿಕ್ಕಿ ನೋಡ್ತವೆ, ನಾಯಿ ನೋಡುವುದಿಲ್ಲ."

"ಒಮ್ಮಿ ನೋಡೋಣ್ರಿ."

"ಬೇಡ ಅನ್ನಲಿಕ್ಕೆ ನಂಗೆ ತ್ರಾಣ ಇಲ್ಲ ಮಾರಾಯ್ತಿ. ಮಾಡು."

ಆ ತ್ರಾಣ ಅವರಿಗೆ ಅವತ್ತು ಒಂದಿಷ್ಟು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವುದು ಕೂಡ ತಪ್ಪನ್ನು ಅವರ ಕಡೆಗೆ ತಳ್ಳಿದಂತೆಯೇ.

ಚಾರ್ಟು ಗೋಡೆಗೆ ಬಂತು. ಮೊದಲ ವಾರಗಳಲ್ಲಿ ಸೊಗಸಾಗಿತ್ತು. ಒಬ್ಬ ಇರುವೆಗೆ ಸಕ್ಕರೆ ಹಾಕಿದ. ಮನೆ ತುಂಬ ಇರುವೆಯಾಗಿ ಅವನ ಅವ್ವ ಪೊರಕೆ ಹಿಡಿದು ಶಾಲೆಗೇ ಬಂದಳು. ಒಬ್ಬಳು ಟಾಂಗಾದ ಕುದುರೆಗೆ ನೀರು ಕುಡಿಸಿದಳು. ಸಾಹೇಬರು ಬಂದು ಚಾರ್ಟಿನ ಮುಂದೆ ನಿಂತು, "ಛಾನ್, ಛಾನ್" ಎಂದರು, ಭೇಷ್ ಎಂಬಂತೆ. ದಫ್ತರದಲ್ಲಿ ತಾಸು ಹಿರಿಯ ಬಾಯಿಯ ಹೆಸರಿನಲ್ಲಿದ್ದುದರಿಂದ ಅವರ ಬೆನ್ನನ್ನೇ ತಟ್ಟಿದರು. ನನಗೆ ಒಳಗೊಳಗೇ ಉರಿಯಿತು. ಬಾಯಿ "ಇದು ಇವಳದು ಸಾಹೇಬ" ಎನ್ನುವಷ್ಟರಲ್ಲಿ ಅವರು ಮುಂದಿನ ಕೋಣೆಗೆ ಹೋಗಿದ್ದರು.

ದಿನ ಕಳೆದಂತೆ ಉಪಕಾರಗಳು ಮುಗಿದವು. ನಮ್ಮ ಮಕ್ಕಳ ವಸ್ತಿಯಲ್ಲಿ ಎಷ್ಟೆಂದು ಪ್ರಾಣಿಗಳು? ಒಬ್ಬ ಹುಡುಗ ಗಟಾರಕ್ಕೆ ಬಿದ್ದ ಬೆಕ್ಕಿನ ಮರಿಯನ್ನು ಎತ್ತಿ ಉಳಿಸಿದ ಕಥೆ ಹೇಳಿದ. ಎರಡು ವಾರ ಬಿಟ್ಟು ಮತ್ತೆ ಅದನ್ನೇ ಹೇಳಿದ.

"ಒಂದೇ ಬೆಕ್ಕು ಎಷ್ಟು ಸಲ ಗಟಾರಕ್ಕೆ ಬೀಳ್ತದೆ?" ಎಂದು ಬಾಯಿ ನನ್ನ ಕಿವಿಯಲ್ಲಿ ಕೇಳಿದರು.

ನಾನು ನಕ್ಕೆ, ಚಿಕ್ಕಿ ಅಂಟಿಸಿದೆ. ಇನ್ನೊಬ್ಬಳು ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ತಂದು, ಎಲ್ಲರ ಮುಂದೆ ದಾರ ಬಿಚ್ಚಿ ಹಾರಿಸಿದಳು. ಮಕ್ಕಳು ಚಪ್ಪಾಳೆ ಹೊಡೆದರು. ಅದಕ್ಕೂ ಒಂದು ಚಿಕ್ಕಿ. ಅಂದಾದರೂ ನನಗೆ ತಿಳಿಯಬೇಕಿತ್ತು. ಬಾಯಿಗೆ ತಿಳಿದಿತ್ತು. ಸಂಜೆ ಪ್ಲಾಟ್‌ಫಾರ್ಮಿನಲ್ಲಿ, "ದಾರ ಕಟ್ಟಿದ್ದು ಯಾರು ಅಂತ ಕೇಳಿದೆಯಾ?" ಎಂದರು. ಆ ಗದ್ದಲದಲ್ಲಿ ಗಾಡಿ ಬಂತು, ಮಾತು ಅಲ್ಲಿಗೇ ನಿಂತಿತು.

ಕಂದು ನಾಯಿ ಮೂರು ಮರಿ ಹಾಕಿತು. ಅದೇ ಹೊತ್ತಿಗೆ ಸಾಹೇಬರು ತಮ್ಮ ಮೇಲಿನ ಸಾಹೇಬರನ್ನು ಕರೆದುಕೊಂಡು ಶನಿವಾರ ಚಾರ್ಟು ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾನು ಮಕ್ಕಳಿಗೆ ಹೇಳಿದೆ: "ಶನಿವಾರ ದೊಡ್ಡ ಉಪಕಾರ ಮಾಡಿ ತೋರಿಸಬೇಕು, ಹಾಂ?"

ನಾಲ್ಕನೆಯ ಇಯತ್ತೆಯ ರೇಣುಕಾ ಎಂಬ ಹುಡುಗಿಗೆ ಅಷ್ಟರ ತನಕ ಒಂದೂ ಚಿಕ್ಕಿ ಸಿಕ್ಕಿರಲಿಲ್ಲ. ಅವಳು ರಾಯಚೂರಿನ ಕಡೆಯ ಗೌಂಡಿಯ ಮಗಳು. ಸುಳ್ಳು ಹೇಳಲು ಬರದವಳು. ಅವಳು ಗೆಳತಿಯರ ಜೊತೆ ಸೇರಿ ಶುಕ್ರವಾರ ಸಂಜೆ ಮೂರು ಮರಿಗಳನ್ನೂ ಅಕ್ಕಿಯ ಖಾಲಿ ಚೀಲದಲ್ಲಿ ಹಾಕಿ, ಗಂಟು ಕಟ್ಟಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚುಗಳ ಹಿಂದೆ ಇಟ್ಟಳು. ಶಾಲೆಯ ಸಿಪಾಯಿ ಎಂದಿನಂತೆ ಬೀಗ ಹಾಕಿದ. ಶನಿವಾರ ಕೊನೆಯ ತಾಸಿಗೆ ಚೀಲ ಸಿಕ್ಕಬೇಕು, ಸಾಹೇಬರ ಮುಂದೆ ಗಂಟು ಬಿಚ್ಚಬೇಕು, ಮರಿಗಳು ತಾಯಿಯ ಕಡೆಗೆ ಓಡಬೇಕು. ಅದು ಅವಳ ಲೆಕ್ಕ.

ಆ ವರ್ಷ ಚುನಾವಣೆಯಿತ್ತು. ಅದೇ ಶುಕ್ರವಾರ ಶಾಲೆ ಬಿಟ್ಟ ಮೇಲೆ ಆದೇಶ ಬಂತು: ಕಟ್ಟಡ ಮತಗಟ್ಟೆಗೆ ಬೇಕು, ಮೂರು ದಿನ ಶಾಲೆ ಬಂದ್. ನಮ್ಮೆಲ್ಲರಿಗೂ ಬೇರೆ ಬೇರೆ ಕಡೆ ಡ್ಯೂಟಿ. ಶನಿವಾರ ಮಕ್ಕಳು ಬಂದರು, ಗೇಟಿನಲ್ಲಿದ್ದ ಪೊಲೀಸರು ವಾಪಸು ಕಳಿಸಿದರು. ರೇಣುಕಾ ಅಲ್ಲಿಯೇ ನಿಂತು, "ಒಳಗ ನಾಯಿಮರಿ ಅದಾವ" ಎಂದು ಕನ್ನಡದಲ್ಲಿ ಹೇಳಿದಳಂತೆ. "ಚಲ್, ಘರ್ ಜಾ" ಎಂದರಂತೆ ಅವರು. ತಾಯಿನಾಯಿ ಮೂರು ದಿನ ಆ ಬಾಗಿಲು ಕೆರೆಯಿತಂತೆ. ಓಡಿಸಿದಷ್ಟೂ ಮತ್ತೆ ಬಂತಂತೆ. ಇದನ್ನೆಲ್ಲ ಎದುರಿನ ಚಹಾದಂಗಡಿಯವನು ಆಮೇಲೆ ಹೇಳಿದ.

ಮಂಗಳವಾರ ಬೀಗ ತೆಗೆದಾಗ ಚೀಲ ಮಿಸುಕಲಿಲ್ಲ.

ರೇಣುಕಾ ಬಾಯಿಯ ಸೀರೆ ಹಿಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಶನಿವಾರ ಬಿಡಸ್ತಿದ್ವಿ ಬಾಯಿ. ಖರೇನ ಬಿಡಸ್ತಿದ್ವಿ."

ಬಾಯಿ ಬೈಯಲಿಲ್ಲ. "ನಾವು ಕೇಳಿದ್ದನ್ನು ನೀನು ತಂದುಕೊಟ್ಟೆ ಮಗಾ. ಕೇಳಿದ್ದು ತಪ್ಪು" ಎಂದರು. ನನ್ನ ಮುಖ ನೋಡಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ನೋಡಲಿಲ್ಲ.

ಚಹಾದಂಗಡಿಯವನು ವಾರ್ಡ್ ಆಫೀಸಿಗೆ ಹೋಗಿ ದೂರು ಕೊಟ್ಟ. ಚಾರ್ಟು ಹೊಗಳಿದ ಸಾಹೇಬರೇ ವಿಚಾರಣೆಗೆ ಬಂದರು. ಹೆಡ್ ಗುರುಜಿಯ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದೆವು. ನನ್ನ ಪರೀಕ್ಷೆಯ ಅವಧಿ ಮುಗಿಯಲು ಮೂರು ತಿಂಗಳಿತ್ತು. ಆ ಕಾಲದಲ್ಲಿ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಶೆರಾ, ಕೆಟ್ಟ ಟಿಪ್ಪಣಿ, ಬಿದ್ದರೆ ಹೊಸಬರನ್ನು ಮನೆಗೆ ಕಳಿಸುತ್ತಿದ್ದರು. ಅಪ್ಪ ಅಷ್ಟರಲ್ಲಿ ಬಿದ್ದು ಸೊಂಟ ಮುರಿದುಕೊಂಡು ಚಾಳಿನ ಬಾಗಿಲಲ್ಲಿ ಕೂತುಬಿಟ್ಟಿದ್ದ. ಐದು ಜನ ನನ್ನ ಪಗಾರದ ಮೇಲೆ. ಇದು ಬಾಯಿಗೆ ಗೊತ್ತಿತ್ತು. ದಿನಾ ಲೋಕಲಿನಲ್ಲಿ ನಾನು ಹೇಳುತ್ತಿದ್ದದ್ದೇ ಇದು.

ಸಾಹೇಬರು ಗೋಡೆಯಿಂದ ಇಳಿಸಿದ ಚಾರ್ಟನ್ನು ಮೇಜಿನ ಮೇಲೆ ಹಾಕಿ ಕೇಳಿದರು: "ಹೀ ಕುಣಾಚೀ ಕಲ್ಪನಾ?" ಇದು ಯಾರ ಕಲ್ಪನೆ?

"ಮಾಝೀ, ಸಾಹೇಬ" ಎಂದರು ಬಾಯಿ. ನನ್ನದು.

ಲೋಕಲಿನಲ್ಲಿ ಸರಿಯುತ್ತಿದ್ದರಲ್ಲ, ಅದೇ ಥರ. ನಾನು ಕೇಳುವ ಮುಂಚೆಯೇ, ನಗದೆ, ನನ್ನ ಕಡೆ ತಿರುಗದೆ.

ನಾನು ಮಾತಾಡಲು ಹೋದೆ, ಅವರು ತಡೆದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೇನೂ ಆಗಲಿಲ್ಲ. ನಾನು ತುಟಿ ಬಿಚ್ಚಲಿಲ್ಲ. ನನ್ನ ಬಿ.ಎ. ಆ ಹೊತ್ತಿಗೆ ಒಂದು ಶಬ್ದಕ್ಕೂ ಒದಗಲಿಲ್ಲ.

ಮರುದಿನ ಬಾಯಿ ಚಾರ್ಟನ್ನು ನನ್ನ ಕೈಗೆ ಕೊಟ್ಟು, "ಒಂದೊಂದೇ ತೆಗಿ" ಎಂದರು. ಅದೊಂದೇ ಅವರು ನನಗೆ ಕೊಟ್ಟ ಶಿಕ್ಷೆ. ಚಿಕ್ಕಿಗಳನ್ನು ಉಗುರಿನಿಂದ ಕಿತ್ತೆ. ಗೋಂದಿನ ಕಲೆ ಹೋಗಲಿಲ್ಲ.

ಮುಂದಿನ ಶನಿವಾರ ಅವರು ಮಕ್ಕಳನ್ನು ಕಠಡೆಗೆ ನಿಲ್ಲಿಸಲಿಲ್ಲ. ಕೆಳಗೆ ಕರೆದುಕೊಂಡು ಹೋದರು. ನಾಯಿ ಟಾಕಿಯ ಬಳಿ ಬಿದ್ದುಕೊಂಡಿತ್ತು. ಅದರಿಂದ ನಾಲ್ಕು ಮಾರು ದೂರ, ಕೊನೆಯ ಮೆಟ್ಟಿಲ ಮೇಲೆ, ಎಲ್ಲರಿಗಿಂತ ಮುಂದೆ ತಾವೇ ಕೂತರು. ಭುಜವನ್ನು ಮೆಟ್ಟಿಲ ಪಕ್ಕದ ಗೋಡೆಗೆ ಒತ್ತಿಕೊಂಡಿದ್ದರು. ನಾಯಿ ಒಮ್ಮೆ ತಲೆಯೆತ್ತಿ ಗುರ್ರೆಂದಿತು. ಬಾಯಿ ರೇಣುಕಾಳ ಕೈ ಹಿಡಿದುಕೊಂಡರು. ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದರೋ ತಿಳಿಯದು. ನಲವತ್ತು ಮಕ್ಕಳು ಉಸಿರೆತ್ತದೆ ಕೂತವು. ನಾಯಿ ಮತ್ತೆ ತಲೆ ಕೆಳಗಿಟ್ಟಿತು. ಅವತ್ತು ದಫ್ತರದಲ್ಲಿ ಅವರು ಬರೆದದ್ದು ಹಳೆಯದೇ ಸಾಲು, ಕೊನೆಗೆ ಒಂದು ವಾಕ್ಯ ಹೆಚ್ಚು: 'ನಾವೂ ಏನೂ ಮಾಡಲಿಲ್ಲ.'

ಅವರ ಸೇವಾ ಪುಸ್ತಕದಲ್ಲಿ ಕೆಂಪು ಶೆರಾ ಬಿತ್ತು. ಹಿರಿತನದಲ್ಲಿ ಮುಂದಿನ ಹೆಡ್ ಅವರೇ ಆಗಬೇಕಿತ್ತು. ಮರುವರ್ಷ ಹೆಡ್ ಗುರುಜಿ ನಿವೃತ್ತರಾದಾಗ ಬೇರೆ ಶಾಲೆಯಿಂದ ಅವರಿಗಿಂತ ಕಿರಿಯರೊಬ್ಬರು ಬಂದು ಕುರ್ಚಿಯಲ್ಲಿ ಕೂತರು. ನನ್ನ ಕೆಲಸ ಖಾಯಂ ಆಯಿತು. ಅಪ್ಪ ಚಾಳಿನ ತುಂಬ ಪೇಡೆ ಹಂಚಿಸಿದ. ಒಂದು ಪೊಟ್ಟಣ ಬಾಯಿಗೂ ಕೊಟ್ಟು ಕಳಿಸಿದ. ಅವರು ಲೋಕಲಿನಲ್ಲೇ ಬಿಚ್ಚಿ, ಒಂದು ತಿಂದು, "ಒಳ್ಳೆಯದಾಯ್ತು" ಎಂದು ಉಳಿದದ್ದನ್ನು ಸೀಟಿನವರಿಗೆ ಹಂಚಿದರು.

ಅವರು ಸಹಶಿಕ್ಷಕಿಯಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಸಿರು ಅಂಚಿನ ಒಂದು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮಡಿಕೆಯ ಗೆರೆಗಳು ಮೈಮೇಲೆ ಹಾಗೆಯೇ ಎದ್ದು ಕಾಣುತ್ತಿದ್ದವು.

"ಹೊಸಾದೇನ್ರಿ ಬಾಯಿ?"

"ಹಳೆಯ ಹೊಸದು" ಎಂದು ನಕ್ಕರು.

ನಾನು ಭಾಷಣ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಅವರ ಹೆದರಿಕೆ, ಚೌಥೀ ಸೀಟು ಎಲ್ಲ ಹೇಳಿ ಜನರನ್ನು ನಗಿಸಿದೆ. ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಹೇಳಿದ್ದು ಬಹಳ ವರ್ಷದ ಮೇಲೆ, ನಿವೃತ್ತಿಯ ಮೇಲೆ ಅವರು ಹೋಗಿ ನೆಲೆಸಿದ ಬದಲಾಪುರದ ಮನೆಯಲ್ಲಿ. ಆಗ ನಾನೇ ಹೆಡ್ ಆಗಿದ್ದೆ. ಅವರ ಎದುರಿಗೆ ಕೂತು, "ಅವತ್ತು ನಾನು ಹೇಳಬೇಕಿತ್ರಿ ಬಾಯಿ. ನಿಮ್ಮ ಕುರ್ಚಿ ನನ್ನಿಂದ ಹೋಯ್ತು" ಎಂದೆ.

"ಅಯ್ಯೋ, ಅದಾ?" ಎಂದರು. "ನಂಗೆ ಆ ಕುರ್ಚಿ ಬೇಡವೇ ಇತ್ತು ಮಾರಾಯ್ತಿ. ಎಷ್ಟು ಸುಸ್ತಾಗಿತ್ತು ಗೊತ್ತುಂಟಾ ಆಗ? ಹೆಡ್ ಆದರೆ ಇನ್ನೂ ನಾಲ್ಕು ರಿಜಿಸ್ಟರು. ನೀನು ನನ್ನನ್ನು ಪಾರು ಮಾಡಿದ್ದು. ಚಹಾ ಕುಡಿ."

ನಾನು ಚಹಾ ಕುಡಿದೆ. ಬರುವಾಗ ಕಿಟಕಿ ಸಿಕ್ಕಿತು, ಕಲ್ಯಾಣದ ತನಕ ನಿದ್ದೆ ಮಾಡಿದೆ. ಅಷ್ಟು ಹಗುರಾಗಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಹನ್ನೆರಡನೆಯ ದಿನ ಹೋದೆ. ನನಗೂ ಈಗ ಮೊಣಕಾಲು ನೋವು, ನಿವೃತ್ತಿಯಾಗಿ ಕೆಲವು ವರ್ಷವಾಯಿತು. ಅವರ ಮನೆ ಎರಡನೆಯ ಮಾಳಿಗೆ, ಲಿಫ್ಟ್ ಇಲ್ಲ. ಮೊದಲ ಮಾಳಿಗೆಯ ತಿರುವಿನಲ್ಲಿ ಒಂದು ಮುದಿನಾಯಿ ಅಡ್ಡಕ್ಕೆ ಮಲಗಿತ್ತು. ಅದರ ಪಕ್ಕದ ಗೋಡೆಯಲ್ಲಿ, ಭುಜದ ಎತ್ತರಕ್ಕೆ, ಬಣ್ಣ ತಿಕ್ಕಿ ತಿಕ್ಕಿ ಹೋಗಿ ಒಂದು ಪಟ್ಟೆ ಬಿದ್ದಿತ್ತು.

ಅವರ ಮಗನಿಗೆ ಕನ್ನಡ ತಿಳಿಯುತ್ತದೆ, ಮಾತು ಹಿಂದಿಯಲ್ಲಿ. ನಾಯಿಯ ಮಾತೆತ್ತಿದಾಗ "ಮಮ್ಮಿ ಡರ್ತೀ ಥೀ ಉಸ್ ಸೇ" ಎಂದ, ಅಮ್ಮನಿಗೆ ಅದರ ಹೆದರಿಕೆ ಎಂದು. ಸೊಸೈಟಿಯವರು ಆ ನಾಯಿಯನ್ನು ಓಡಿಸಬೇಕೆಂದಾಗ, ಇರಲಿ ಬಿಡಿ ಎಂದವರು ಬಾಯಿಯೇ ಅಂತೆ. ಒಂದು ಬಿಸ್ಕತ್ತು ಹಾಕಿದವರಲ್ಲ. ದಿನಾ ಗೋಡೆಗೆ ಒರಗಿಕೊಂಡು ಹತ್ತುವುದು, ಇಳಿಯುವುದು.

ಅವನಿಗೆ ಚಾರ್ಟಿನ ಸಂಗತಿ ಹೇಳಿದೆ. ಆ ಕಲ್ಪನೆ ನನ್ನದಾಗಿತ್ತು, ನಿನ್ನ ತಾಯಿಯದಲ್ಲ ಎಂದೆ.

"ಕೌನ್ಸಾ ಚಾರ್ಟ್, ಆಂಟಿ?"

ಅವರು ಮನೆಯಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲ. ಮೊದಲಿನಿಂದ ಹೇಳಬೇಕಾಯಿತು, ನಾಯಿ, ಚಿಕ್ಕಿ, ಚೀಲ, ಎಲ್ಲ. ಅವನು ಕೊನೆಯ ತನಕ ಕೇಳಿಸಿಕೊಂಡ. ಆಮೇಲೆ ಎದ್ದು ಹೋಗಿ ಕಪಾಟಿನಿಂದ ಒಂದು ಸೀರೆ ತಂದು ತೋರಿಸಿದ. ಹಸಿರು ಅಂಚು.

"ಯೇ ಉಸೀ ಟೈಮ್ ಲೀ ಥೀ. ನೌಪಾಡಾ ಸೇ. ಬೋಲೀ, ಹೆಡ್ ಬನೂಂಗೀ ಉಸ್ ದಿನ್ ಪೆಹನೂಂಗೀ." ಹೆಡ್ ಆಗುವ ದಿನ ಉಡಲೆಂದು ಆ ಕಾಲದಲ್ಲೇ ನೌಪಾಡಾದ ಅಂಗಡಿಗೆ ತಾವೇ ಹೋಗಿ ಆರಿಸಿ ತಂದದ್ದು. ಆಮೇಲೆ ಯಾಕೆ ಉಡಲಿಲ್ಲ ಎಂದು ಅವನ ಅಪ್ಪ ಕೇಳಿದರೆ, ಬಣ್ಣ ಸರಿಬರಲಿಲ್ಲ ಎಂದಿದ್ದರಂತೆ.

ಸೀರೆಯನ್ನು ನನ್ನ ತೊಡೆಯ ಮೇಲಿಟ್ಟು ಅವನು ಬಂದವರಿಗೆ ಊಟ ಬಡಿಸಲು ಹೋದ. ನಾನು ಅದನ್ನು ಬಿಚ್ಚಲಿಲ್ಲ. ಮಡಿಕೆ ಕೆಡದ ಹಾಗೆ ಕುರ್ಚಿಯ ಮೇಲಿಟ್ಟು ಎದ್ದೆ.

ಇಳಿಯುವಾಗ ತಿರುವಿನಲ್ಲಿ ನಾಯಿ ಹಾಗೆಯೇ ಮಲಗಿತ್ತು. ನನಗೆ ನಾಯಿಯ ಹೆದರಿಕೆ ಎಂದೂ ಇರಲಿಲ್ಲ, ದಾಟಿ ಹೋಗಬಹುದಿತ್ತು. ಗೋಡೆಗೆ ಸರಿದೆ. ಭುಜ ಆ ಪಟ್ಟೆಗೆ ಒರೆಸುತ್ತ, ಒಂದೊಂದೇ ಮೆಟ್ಟಿಲು ಇಳಿದೆ. ನಾಯಿ ಕಣ್ಣು ತೆರೆಯಲಿಲ್ಲ.

ಬೀದಿಗೆ ಬಂದ ಮೇಲೆ ನೋಡಿಕೊಂಡೆ. ಸೆರಗಿಗೆ ಸುಣ್ಣ ಹತ್ತಿತ್ತು. ಝಾಡಿಸಲಿಲ್ಲ.